ಅರಸೀಕೆರೆಯಿಂದ ಸಕಲೇಶಪುರಕ್ಕೆ: ಆನೆ ಓಡಾಡುವ ಊರಲ್ಲಿ ನಡೆಯಲು ಕಲಿತದ್ದು

ಒಂದೇ ಜಿಲ್ಲೆಯೊಳಗೆ ವರ್ಗವಾದರೆ ಬದುಕು ಏನು ಮಹಾ ಬದಲಾಗುತ್ತದೆ ಅಂತ ಅನ್ನಿಸಬಹುದು. ಹಾಸನ ಜಿಲ್ಲೆಯವರು ಮಾತ್ರ ಹಾಗೆ ಹೇಳುವುದಿಲ್ಲ. ಪೂರ್ವಕ್ಕೆ ಅರಸೀಕೆರೆ. ತೆಂಗು, ರಾಗಿ, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಪಶ್ಚಿಮಕ್ಕೆ ಸಕಲೇಶಪುರ. ಕಾಫಿ, ಮೆಣಸು, ಏಲಕ್ಕಿ. ಅಲ್ಲಿ ಮಳೆ 2000 ಮಿಲಿಮೀಟರ್ ದಾಟುವುದು ಮಾಮೂಲಿ. ಎರಡೂ ಊರಿನ ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆ ಕಡೆ. ಟೀಚರ್ ಕೆಲಸಕ್ಕೆ ಸೇರಿದ್ದೂ ಅಲ್ಲೇ. ಆಮೇಲೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ ಸಿಕ್ಕಿತು. ನೆಂಟರೆಲ್ಲ ಒಂದೇ ಮಾತು ಹೇಳಿದರು: "ಪುಣ್ಯ ಮಾಡಿದ್ದೀಯ ಕಣೆ. ಜನ ದುಡ್ಡು ಕೊಟ್ಟು ಹೋಂಸ್ಟೇಗೆ ಹೋಗ್ತಾರೆ, ನಿನಗೆ ಸರ್ಕಾರವೇ ಸಂಬಳ ಕೊಟ್ಟು ಕಳಿಸ್ತಿದೆ."

ನನಗೂ ಹಾಗೇ ಅನ್ನಿಸಿತ್ತು. ಮುಕ್ತ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಎಂ.ಎ. ಮಾಡಿದ್ದೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಪರಿಸರ ಮನಶ್ಶಾಸ್ತ್ರ. ನಾವಿರುವ ಜಾಗ ನಮ್ಮ ಮನಸ್ಸನ್ನು ಹೇಗೆ ತಿದ್ದುತ್ತದೆ, ಜಾಗ ಬದಲಾದಾಗ ಮನುಷ್ಯ ಹೇಗೆ ಹೊಂದಿಕೊಳ್ಳುತ್ತಾನೆ ಅಂತ ನೋಡುವ ಶಾಖೆ ಅದು. ರೋಜರ್ ಉಲ್ರಿಚ್ ಅವರ 1984ರ ಅಧ್ಯಯನವನ್ನು ಓದಿದವರು ಮರೆಯುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಅವರು ನೋಡಿದರು. ಕೆಲವರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಕೆಲವರದ್ದರಿಂದ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡಿದ್ದರು. ಹಸಿರು ಮನಸ್ಸಿಗೆ ಆರಾಮ ಕೊಡುತ್ತದೆ ಅನ್ನುವ ಭರವಸೆಯನ್ನು ಕಟ್ಟಿಕೊಂಡೇ ನಾನು ಘಟ್ಟದ ಕಡೆ ಬಸ್ ಹತ್ತಿದ್ದು.

ಮಳೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜೂನ್‌ನಲ್ಲಿ ಬಟ್ಟೆ ಒಣಗಲಿಲ್ಲ. ಚಪ್ಪಲಿಗೆ ಬೂಷ್ಟು ಬಂತು. ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗುತ್ತಿರಲಿಲ್ಲ. ಆದರೆ ಆಗಸ್ಟ್ ಹೊತ್ತಿಗೆ ಅದೇ ಸದ್ದಿನಲ್ಲಿ ಗಡದ್ದಾಗಿ ನಿದ್ದೆ ಮಾಡುತ್ತಿದ್ದೆ. ಇದಕ್ಕೆ ನಾನು ಯಾವ ಪ್ರಯತ್ನವನ್ನೂ ಮಾಡಲಿಲ್ಲ. ಒಂದೇ ಸದ್ದು ಮತ್ತೆ ಮತ್ತೆ ಬಂದು, ಅದರಿಂದ ತೊಂದರೆ ಏನೂ ಆಗದಿದ್ದರೆ, ಮೆದುಳು ಅದನ್ನು ಕೇಳಿಸಿಕೊಳ್ಳುವುದನ್ನೇ ಕಡಿಮೆ ಮಾಡುತ್ತದೆ. ಊರಿನವರು ಹೇಳಿದ್ದು ಸರಿಯಾಗಿತ್ತು: "ರೂಢಿ ಆಗುತ್ತೆ ಬಿಡಿ ಟೀಚರ್."

ಆನೆ ವಿಷಯಕ್ಕೂ ಅವರು ಇದೇ ಮಾತು ಹೇಳಿದರು. ನನಗೆ ಅಲ್ಲಿ ಬೇರೆಯೇ ಅನುಭವವಾಯಿತು.

ನಾನು ಬಾಡಿಗೆಗೆ ಇದ್ದ ಮನೆಯಿಂದ ಶಾಲೆಗೆ ಎರಡು ಕಾಫಿ ತೋಟಗಳ ನಡುವೆ ನಡೆದು ಹೋಗಬೇಕು. ದೂರ ಜಾಸ್ತಿ ಏನಿಲ್ಲ. ಎರಡೂ ಕಡೆ ಆಳೆತ್ತರದ ರೋಬಸ್ಟಾ ಗಿಡಗಳು. ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬೆಳಿಗ್ಗೆ ಮಂಜು. ಫೋಟೋ ತೆಗೆದು ಊರಿಗೆ ಕಳಿಸಿದರೆ ಎಲ್ಲರೂ ಹೊಟ್ಟೆ ಉರಿದುಕೊಳ್ಳುವಷ್ಟು ಚೆಂದ. ಆ ದಾರಿಯಲ್ಲಿ ನಡೆದು ಶಾಲೆ ತಲುಪುವ ಹೊತ್ತಿಗೆ ನನ್ನ ಬೆನ್ನು ಬೆವರಿರುತ್ತಿತ್ತು. ಚಳಿಯಲ್ಲೂ.

ಯಾಕೆ ಅಂತ ಯೋಚಿಸುವಾಗ ಬ್ರಿಟನ್ನಿನ ಭೂಗೋಳ ಪಂಡಿತ ಜೇ ಆಪಲ್‌ಟನ್ 1975ರಲ್ಲಿ ಮುಂದಿಟ್ಟ ವಿಚಾರ ನೆನಪಾಯಿತು. ತನಗೆ ಎಲ್ಲವೂ ಕಾಣಬೇಕು, ತಾನು ಮಾತ್ರ ಯಾರಿಗೂ ಕಾಣಬಾರದು, ಅಂಥ ಜಾಗ ಮನುಷ್ಯನಿಗೆ ಹಿತವಾಗಿರುತ್ತದೆ ಅನ್ನುವುದು ಅದರ ತಿರುಳು. ನನ್ನೂರಿನಲ್ಲಿ ರಾಗಿ ಹೊಲದ ಬದುವಿನ ಮೇಲೆ ನಿಂತರೆ ಮೂರು ಊರು ಕಾಣುತ್ತವೆ. ಯಾರಾದರೂ ಬರುತ್ತಿದ್ದರೆ ಅವರು ಯಾರ ಮನೆಯವರು ಅಂತ ನಡಿಗೆಯಲ್ಲೇ ಹೇಳಬಹುದು. ಇಲ್ಲಿ ಹತ್ತು ಮಾರು ಆಚೆ ಏನಿದೆ ಅಂತ ಕಾಣುವುದಿಲ್ಲ. ಆನೆಗೆ ಮಾತ್ರ ಅದರ ಮೂಗಿನಿಂದಲೇ ನಾನು ಬರುತ್ತಿರುವುದು ಮೊದಲೇ ಗೊತ್ತಾಗುತ್ತದೆ. ಆಪಲ್‌ಟನ್ ಹೇಳಿದ ಹಿತ ಇಲ್ಲಿ ಪೂರ್ತಿ ತಿರುಗಿ ನಿಂತಿತ್ತು. ಹಸಿರು ಆರಾಮ ಕೊಡುವುದು ನಿಜ, ಆದರೆ ಕಿಟಕಿಯ ಈಚೆ ಮಂಚದ ಮೇಲೆ ಮಲಗಿ ನೋಡುವವರಿಗೆ. ಆ ಹಸಿರಿನೊಳಗೇ ನಡೆದು ಕೆಲಸಕ್ಕೆ ಹೋಗುವವರ ಲೆಕ್ಕ ಬೇರೆ. ಹೋಂಸ್ಟೇಗೆ ಬಂದವರು ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗುತ್ತಾರೆ, ಅಲ್ವಾ?

ಇನ್ನೊಂದು ವಿಷಯವನ್ನೂ ಗಮನಿಸಿದೆ. ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ನಾನು ಹಾಯಾಗಿ ನಿದ್ದೆ ಮಾಡುತ್ತೇನೆ. ಆ ರಸ್ತೆಯಲ್ಲಿ ಅಪಘಾತಗಳು ಆಗುತ್ತಲೇ ಇರುತ್ತವೆ. ಆದರೂ ಭಯ ಇಲ್ಲ. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಉತ್ತರ ಇದೆ. ತಜ್ಞರು ಅಪಾಯವನ್ನು ಸಾವಿನ ಲೆಕ್ಕದಿಂದ ಅಳೆಯುತ್ತಾರೆ. ಸಾಮಾನ್ಯ ಜನ ಬೇರೆ ಪ್ರಶ್ನೆ ಕೇಳುತ್ತಾರೆ. ಇದು ನನ್ನ ಕೈಯಲ್ಲಿದೆಯಾ? ನನಗೆ ಪರಿಚಯ ಇದೆಯಾ? ನಾನೇ ಒಪ್ಪಿಕೊಂಡದ್ದಾ? ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದಾ? ಆನೆ ಈ ಎಲ್ಲ ಪ್ರಶ್ನೆಗಳಲ್ಲೂ ನನಗೆ ಭಯದ ಕಡೆಯ ಉತ್ತರವನ್ನೇ ಕೊಡುತ್ತಿತ್ತು. ಜನರ ಭಯವನ್ನು ಅಜ್ಞಾನ ಅಂತ ತಳ್ಳಿಹಾಕಬೇಡಿ, ಅದರಲ್ಲಿ ತಿಳಿವಳಿಕೆ ಇದೆ ಅಂತಲೂ ಸ್ಲೋವಿಕ್ ಹೇಳಿದ್ದರು. ಪಾಠದಲ್ಲಿ ಓದುವಾಗ ಆ ಮಾತು ಅಷ್ಟಾಗಿ ತಟ್ಟಿರಲಿಲ್ಲ.

ಆಮೇಲೆ ಮೆಸೇಜ್ ಬರಲು ಶುರುವಾಯಿತು. ಇಲ್ಲಿ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ನೋಡಿ ತಿಳಿಸುತ್ತಾರೆ. ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಕಾಲರ್ ಇದೆ. ಮೆಸೇಜ್, ವಾಟ್ಸಾಪ್ ಗುಂಪು, ರಸ್ತೆ ಬದಿಯ ಬೋರ್ಡ್, ಹೀಗೆ ಸುದ್ದಿ ಊರಿಗೆ ತಲುಪುತ್ತದೆ. ಬೀಟಮ್ಮ, ಭುವನೇಶ್ವರಿ, ಕ್ಯಾಪ್ಟನ್, ಭೀಮ ಅಂತ ಈ ಭಾಗದಲ್ಲಿ ಆನೆಗಳಿಗೂ ಹೆಸರುಗಳಿವೆ. ಮೊದಲು ನನಗೆ ಇದು ವಿಚಿತ್ರ ಅನ್ನಿಸಿತು. ಆಮೇಲೆ ಬೇಗ ಅರ್ಥವಾಯಿತು. 'ಆನೆ ಬಂದಿದೆ' ಅಂದರೆ ಕೈಕಾಲು ತಣ್ಣಗಾಗುತ್ತದೆ. 'ಭೀಮ ಕೆರೆ ಹತ್ತಿರ ಇದ್ದಾನೆ' ಅಂದರೆ ಇವತ್ತು ಯಾವ ದಾರಿ ಬೇಡ ಅಂತ ತಲೆ ಲೆಕ್ಕ ಹಾಕುತ್ತದೆ.

ಮೆಸೇಜ್ ಬಂದ ಕೂಡಲೇ ಆನೆ ಅಲ್ಲಿಂದ ಹೋಗುವುದಿಲ್ಲ. ಆದರೂ ಮೆಸೇಜ್ ಇಲ್ಲದ ದಿನ ನಾನು ಜಾಸ್ತಿ ಬೆವರುತ್ತಿದ್ದೆ. 'ಇಂಥ ತೋಟದಲ್ಲಿ ಆನೆ ಇದೆ' ಅಂತ ಖಚಿತವಾಗಿ ಗೊತ್ತಾದ ದಿನ ಮನಸ್ಸು ಹಗುರವಾಗಿರುತ್ತಿತ್ತು. ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಇದನ್ನೇ ಸದ್ದಿನ ಮೇಲೆ ಪ್ರಯೋಗ ಮಾಡಿ ನೋಡಿದ್ದರು. 1972ರಲ್ಲಿ ಪ್ರಕಟವಾದ ಕೆಲಸ ಅದು. ಜನರಿಗೆ ಏನೋ ಕೆಲಸ ಕೊಟ್ಟು ನಡುನಡುವೆ ಜೋರು ಸದ್ದು ಕೇಳಿಸಿದರು. ಕೆಲವರಿಗೆ ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ, ಕೆಲವರಿಗೆ ಹೊತ್ತುಗೊತ್ತಿಲ್ಲದೆ. ಸದ್ದು ಕೇಳುತ್ತಿದ್ದಾಗ ಎರಡೂ ಗುಂಪಿನವರು ಚೆನ್ನಾಗಿಯೇ ಕೆಲಸ ಮಾಡಿದರು. ಸದ್ದು ನಿಂತ ಮೇಲೆ ವ್ಯತ್ಯಾಸ ಕಂಡಿತು. ಹೊತ್ತುಗೊತ್ತಿಲ್ಲದ ಸದ್ದು ಕೇಳಿದವರು ಕಷ್ಟದ ಒಗಟುಗಳನ್ನು ಬೇಗ ಕೈಬಿಟ್ಟರು, ಅಕ್ಷರ ತಪ್ಪು ಹುಡುಕುವ ಕೆಲಸದಲ್ಲಿ ಜಾಸ್ತಿ ಎಡವಿದರು. ಇನ್ನು ಕೆಲವರಿಗೆ ಒಂದು ಗುಂಡಿ ಕೊಟ್ಟಿದ್ದರು. 'ತೀರಾ ಬೇಕೆನಿಸಿದರೆ ಒತ್ತಿ, ಸದ್ದು ನಿಲ್ಲುತ್ತದೆ, ಒತ್ತದಿದ್ದರೆ ಒಳ್ಳೆಯದು' ಅಂತ ಹೇಳಿದ್ದರು. ಹೆಚ್ಚಿನವರು ಒತ್ತಲೇ ಇಲ್ಲ. ಆದರೂ ಆಮೇಲಿನ ಕೆಲಸ ಚೆನ್ನಾಗಿ ಮಾಡಿದರು.

ಈ ಫಲಿತಾಂಶ ನನ್ನ ಮೊದಲ ವರ್ಷವನ್ನು ನನಗೇ ಬಿಡಿಸಿ ಹೇಳಿತು. ಶಾಲೆ ತಲುಪಿದ ಮೇಲೆ ಏನೂ ಅಪಾಯ ಇಲ್ಲದಿದ್ದರೂ ಮೊದಲ ಪೀರಿಯಡ್‌ನಲ್ಲಿ ನನಗೆ ತಾಳ್ಮೆ ಇರುತ್ತಿರಲಿಲ್ಲ. ದಾರಿಯಲ್ಲಿ ಖರ್ಚಾದದ್ದು ತರಗತಿಯಲ್ಲಿ ಕಾಣುತ್ತಿತ್ತು. ನನ್ನ ತರಗತಿಯ ಮಕ್ಕಳೂ ಅದೇ ದಾರಿಗಳಲ್ಲಿ ನಡೆದು ಬರುತ್ತಿದ್ದರು. ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಗಣಿತ ತಲೆಗೆ ಹೋಗುತ್ತಿಲ್ಲ ಅಂತ ಸಹೋದ್ಯೋಗಿಗಳು ಬೇಸರಪಟ್ಟಾಗ ನನಗೆ ಇದೇ ನೆನಪಾಗುತ್ತಿತ್ತು.

ಮೆಸೇಜ್ ನನ್ನ ಭಯವನ್ನು ಕಡಿಮೆ ಮಾಡಿತು. ನಡೆಯಲು ಕಲಿಸಿದ್ದು ಮಾತ್ರ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ. ಅವರ ಮನೆಯೂ ನನ್ನ ಮನೆಯ ದಾರಿಯಲ್ಲೇ. ಸಂಜೆ ಒಟ್ಟಿಗೆ ಹೊರಡುತ್ತಿದ್ದೆವು. ಅವರು ನನಗೆ ಅಂತ ಪಾಠ ಏನೂ ಮಾಡಲಿಲ್ಲ. ಸುಮ್ನೆ ನಡೆಯುತ್ತಾ ಮಾತಾಡುತ್ತಿದ್ದರು, ತಟ್ಟನೆ ನಿಲ್ಲುತ್ತಿದ್ದರು.

"ಯಾಕಕ್ಕ ನಿಂತ್ರಿ?"

"ಲದ್ದಿ ನೋಡಿ ಟೀಚರ್. ಹಬೆ ಇಲ್ಲ, ಮೇಲೆ ಒಣಗಿದೆ. ರಾತ್ರಿದು. ಬನ್ನಿ."

ಮತ್ತೊಂದು ದಿನ ಮುರಿದ ಕೊಂಬೆಯ ಎಲೆ ಮುಟ್ಟಿ ನೋಡಿದರು. ಬಾಡಿರಲಿಲ್ಲ. ಮಾತಾಡದೆ ನನ್ನ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಬಂದರು. ಮೇಲಿನ ಮನೆಯವರ ಅಂಗಳದಲ್ಲಿ ಕೂತು, ಕಾಫಿ ಕುಡಿದು, ಜೀಪಿನಲ್ಲಿ ಮನೆ ಸೇರಿದೆವು. ನಾಯಿ ಒಂದೇ ಕಡೆ ಮುಖ ಮಾಡಿ ಬೊಗಳುತ್ತಿದ್ದರೆ ಒಂದು ಅರ್ಥ. ಹಕ್ಕಿ ಸದ್ದೆಲ್ಲ ಇದ್ದೂ ಒಂದು ಮೂಲೆಯಲ್ಲಿ ಮಾತ್ರ ಲಟಕ್ ಅಂತ ಕೊಂಬೆ ಮುರಿದರೆ ಇನ್ನೊಂದು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡುವುದು ಅವರಿಗೆ ಉಸಿರಾಡಿದಷ್ಟೇ ಸಹಜ. ಬಯಲುಸೀಮೆಯಲ್ಲಿ ನನ್ನನ್ನು ಕಾಪಾಡಿದ್ದು ಕಣ್ಣು. ಇಲ್ಲಿ ಕಿವಿ ಮತ್ತು ಮೂಗು. ಅವು ಇಷ್ಟು ವರ್ಷ ಕೆಲಸವಿಲ್ಲದೆ ಕೂತಿದ್ದವು. ಅಕ್ಕನ ಜೊತೆ ನಡೆದೂ ನಡೆದೂ ನಿಧಾನಕ್ಕೆ ಎದ್ದವು. ಇದನ್ನು ಮೆಸೇಜ್ ಕಲಿಸಲಾರದು, ಕರಪತ್ರವೂ ಕಲಿಸಲಾರದು. ಆ ಜಾಗದಲ್ಲಿ, ಆ ಹೊತ್ತಿನಲ್ಲಿ, ತಿಳಿದವರ ಪಕ್ಕ ಇರಬೇಕು.

ಹೊತ್ತಿನ ಬಗ್ಗೆಯೂ ಅವರು ತುಂಬಾ ಕಟ್ಟುನಿಟ್ಟು. ಬೆಳಗಿನ ಜಾವ ಮತ್ತು ಸಂಜೆ ಕತ್ತಲಾಗುವಾಗ ಒಬ್ಬರೇ ನಡೆಯಬಾರದು. ಕಿವಿಗೆ ಇಯರ್‌ಫೋನ್ ಹಾಕಬಾರದು. ಹಲಸಿನ ಹಣ್ಣು ಬಿಡುವ ಕಾಲದಲ್ಲಿ ಒಂದು ದಾರಿ, ಗದ್ದೆಯಲ್ಲಿ ಭತ್ತ ಕಟ್ಟುವ ಕಾಲದಲ್ಲಿ ಇನ್ನೊಂದು ದಾರಿ. ವರ್ಷ ಪೂರ್ತಿ ಒಂದೇ ದಾರಿ ಅನ್ನುವುದು ಇಲ್ಲಿ ಇಲ್ಲ.

ಎಂಟನೇ ತರಗತಿಯ ಮಕ್ಕಳಿಗೆ ಮನೆಯಿಂದ ಶಾಲೆಗೆ ಬರುವ ದಾರಿಯ ಚಿತ್ರ ಬರೆಯಲು ಹೇಳಿದ್ದು ಇದರ ನಂತರ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್ಮನ್ 1948ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳನ್ನಿಟ್ಟುಕೊಂಡು ಒಂದು ಮಾತು ಹೇಳಿದ್ದರು. ಪ್ರಾಣಿಯಾಗಲಿ ಮನುಷ್ಯನಾಗಲಿ ಬರೀ ತಿರುವುಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ, ತಲೆಯೊಳಗೆ ಜಾಗದ ನಕ್ಷೆಯನ್ನೇ ಕಟ್ಟಿಕೊಳ್ಳುತ್ತದೆ ಅಂತ. ಆ ನಕ್ಷೆ ಕೆಲವೊಮ್ಮೆ ಅಗಲವಾಗಿರುತ್ತದೆ, ಕೆಲವೊಮ್ಮೆ ಪಟ್ಟಿಯಂತೆ ಕಿರಿದಾಗಿರುತ್ತದೆ. ಒತ್ತಡ, ಹತಾಶೆ ಜಾಸ್ತಿಯಾದರೆ ನಕ್ಷೆ ಕಿರಿದಾಗುತ್ತದೆ ಅಂತಲೂ ಅವರು ಹೇಳಿದ್ದರು. ನಾನೂ ಮಕ್ಕಳ ಜೊತೆ ಕೂತು ನನ್ನ ದಾರಿ ಬರೆದೆ. ಮನೆ, ಒಂದು ಗೆರೆ, ಶಾಲೆ. ಅಷ್ಟೇ. ಗೆರೆಯ ಆಚೀಚೆ ಏನೂ ಇರಲಿಲ್ಲ.

ಮಕ್ಕಳ ಹಾಳೆಗಳು ತುಂಬಿ ತುಳುಕುತ್ತಿದ್ದವು. ಬೈನೆ ಮರ, ಹಲಸಿನ ಮರ, ಕೆರೆ, ಕಾಫಿ ಕಣ, ಲೈನ್ ಮನೆ (ತೋಟದ ಕೂಲಿಯವರ ಸಾಲು ಮನೆ), ನಾಯಿ ಇರುವ ಮನೆ, ನಾಯಿ ಇಲ್ಲದ ಮನೆ. ಆನೆ ದಾಟುವ ಜಾಗ. ಬೇಲಿ ಮುರಿದಿರುವ ಜಾಗ. ಫೋನಿಗೆ ನೆಟ್‌ವರ್ಕ್ ಸಿಗುವ ದಿಬ್ಬ. ಒಬ್ಬ ಹುಡುಗ ತನ್ನ ದಾರಿಯುದ್ದಕ್ಕೂ ಹತ್ತಬಹುದಾದ ಮರಗಳಿಗೆಲ್ಲ ಗುರುತು ಹಾಕಿದ್ದ. ಒಬ್ಬಳು ಎರಡು ಚಿತ್ರ ಬರೆದಿದ್ದಳು, ಒಂದು ಮಳೆಗಾಲಕ್ಕೆ, ಒಂದು ಕಾಫಿ ಕುಯ್ಲಿನ ಕಾಲಕ್ಕೆ. ನಾನು ಆ ಹಾಳೆಗಳನ್ನೆಲ್ಲ ಜೋಡಿಸಿ ಒಂದು ದೊಡ್ಡ ಶೀಟಿನ ಮೇಲೆ ಅಂಟಿಸಿದೆ. ಪಕ್ಕಪಕ್ಕದ ಮಕ್ಕಳ ದಾರಿಗಳು ಒಂದಕ್ಕೊಂದು ಕೂಡಿಕೊಂಡವು. ಒಬ್ಬನಿಗೆ ಗೊತ್ತಿರದ ಜಾಗ ಇನ್ನೊಬ್ಬಳ ಹಾಳೆಯಲ್ಲಿತ್ತು. ಆ ಶೀಟ್ ಈಗ ಆಫೀಸ್ ಕೋಣೆಯ ಹೊರಗಿನ ಗೋಡೆ ಮೇಲೆ ಇದೆ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮಕ್ಕಳು ಅದರ ಮೇಲೆ ಗುಂಡುಸೂಜಿ ಚುಚ್ಚುತ್ತಾರೆ: ಇಲ್ಲಿ ಲದ್ದಿ, ಇಲ್ಲಿ ಸದ್ದು, ಇಲ್ಲಿ ಏನೂ ಇಲ್ಲ. ಸಂಜೆ ಬಿಡುವಾಗ ಅದನ್ನು ನೋಡಿ ಗುಂಪು ಮಾಡಿಕೊಂಡು ಹೊರಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನು ಬಿಡುವಂತಿಲ್ಲ. ಹೊಂದಿಕೊಳ್ಳುವುದಕ್ಕೆ ಬೆಲೆ ಇದೆ. ಅದನ್ನು ತೆರುವವರು ಎಲ್ಲರೂ ಸಮನಾಗಿ ತೆರುತ್ತಿಲ್ಲ. ನನಗೆ ತಿಂಗಳಿಗೆ ಸಂಬಳ ಬರುತ್ತದೆ. ಬಿಸಿಯೂಟದ ಅಕ್ಕನ ಮನೆಯವರು ಭತ್ತ ಬೆಳೆಯುವುದನ್ನೇ ಬಿಟ್ಟಿದ್ದಾರೆ. ಆನೆ ಒಂದು ರಾತ್ರಿ ಗದ್ದೆಗೆ ಇಳಿದರೆ ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ಈ ಭಾಗದಲ್ಲಿ ಅಂಥ ಪಾಳು ಗದ್ದೆಗಳು ತುಂಬಾ ಇವೆ. "ಗದ್ದೆ ಇದೆ, ಅನ್ನ ಅಂಗಡಿಯಿಂದ ತರ್ತೀವಿ" ಅಂತ ಅವರು ಹೇಳುವಾಗ ನಾನು ಏನು ಹೇಳಬೇಕು? ಆಸ್ಟ್ರೇಲಿಯಾದ ತತ್ವಶಾಸ್ತ್ರಜ್ಞ ಗ್ಲೆನ್ ಆಲ್ಬ್ರೆಕ್ಟ್ ಕಲ್ಲಿದ್ದಲು ಗಣಿಗಳ ಪಕ್ಕದ ಜನರನ್ನು ಮಾತಾಡಿಸಿ, ಊರಲ್ಲೇ ಇದ್ದು ಊರನ್ನು ಕಳೆದುಕೊಂಡ ದುಃಖದ ಬಗ್ಗೆ ಬರೆದಿದ್ದಾರೆ. ಸೊಲಾಸ್ಟಾಲ್ಜಿಯ ಅಂತ ಅದನ್ನು ಕರೆದರು. ಅಕ್ಕನ ಅಂಗಳದಿಂದ ಆ ಗದ್ದೆ ಕಾಣುತ್ತದೆ. ದಿನಾ ಕಾಣುತ್ತದೆ.

ಆನೆಯನ್ನು ಹಿಡಿದು ಸಾಗಿಸಿದರೆ ಮುಗಿಯಿತಲ್ಲ ಅಂತ ಹೊರಗಿನವರು ಕೇಳುತ್ತಾರೆ. ಹೈಕೋರ್ಟ್ ಸೂಚನೆಯ ಮೇಲೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ (ಇದು ತಜ್ಞರ ಸಮಿತಿ, ಮೆಸೇಜ್ ಕಳಿಸುವ ಪಡೆ ಅಲ್ಲ) 2012ರಲ್ಲಿ ವರದಿ ಕೊಟ್ಟಿತು. ಪಕ್ಕದ ಆಲೂರು ಭಾಗದ ಆನೆಗಳನ್ನು ಹಿಡಿಯಲು ಅದರಲ್ಲಿ ಶಿಫಾರಸು ಇತ್ತು. 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದು ಸಾಗಿಸಿದರು. ಸ್ವಲ್ಪ ಕಾಲದಲ್ಲೇ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಎಂಟು ಬಾರಿ ಮೈಸೂರು ದಸರಾ ಅಂಬಾರಿ ಹೊತ್ತ ಆನೆ. ಅವತ್ತು ಊರಲ್ಲಿ ನಾನು ಕಂಡದ್ದನ್ನು ಯಾವ ಸಿದ್ಧಾಂತದಲ್ಲೂ ಹೊಂದಿಸಲು ನನಗೆ ಆಗಿಲ್ಲ. ಆನೆಯಿಂದ ಬೆಳೆ ಕಳೆದುಕೊಂಡವರು, ಆನೆಗೆ ಶಾಪ ಹಾಕುತ್ತಿದ್ದವರು, ಅರ್ಜುನನಿಗಾಗಿ ಅತ್ತರು. ಅಕ್ಕ ಅವತ್ತು ಮಕ್ಕಳಿಗೆ ಬಡಿಸುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಭಯ, ಸಿಟ್ಟು, ಪ್ರೀತಿ ಮೂರೂ ಒಬ್ಬರೊಳಗೇ ಇರುತ್ತವೆ. ಇಲ್ಲಿನ ಜನರನ್ನು ಆನೆ ಪರ, ಆನೆ ವಿರೋಧಿ ಅಂತ ಎರಡು ಸಾಲಿನಲ್ಲಿ ನಿಲ್ಲಿಸುವವರು ಇವರನ್ನು ಮಾತಾಡಿಸಿಲ್ಲ ಅಂತಲೇ ನನ್ನ ಅಭಿಪ್ರಾಯ.

ಈಗ 'ರೂಢಿ ಆಗುತ್ತೆ' ಅನ್ನುವ ಮಾತಿಗೆ ಮತ್ತೆ ಬರುತ್ತೇನೆ. ಮಳೆ ಸದ್ದಿಗೆ ಆದ ಹಾಗೆ ಆನೆಗೆ ನನಗೆ ರೂಢಿ ಆಗಿಲ್ಲ. ಆಗಲೂಬಾರದು. ಬಹಳ ದಿನ ಏನೂ ಆಗದಿದ್ದರೆ ಮೆಸೇಜ್ ನೋಡದೆ ಹೊರಡುವ ಚಾಳಿ ಯಾರಿಗಾದರೂ ಬರುತ್ತದೆ. ಬೋರ್ಡ್‌ನ ಕೆಂಪು ಅಕ್ಷರ ದಿನಾ ಕಂಡೂ ಕಂಡೂ ಕಾಣದಂತಾಗುತ್ತದೆ. ಮೆದುಳಿಗೆ ಸದ್ದನ್ನು ಮರೆಸುವ ಗುಣವೇ ಇಲ್ಲಿ ಕೈಕೊಡುತ್ತದೆ. ಅಕ್ಕ ಹುಟ್ಟಿದ್ದು ಇದೇ ಊರಲ್ಲಿ. ಅವರು ಇವತ್ತಿಗೂ ಪ್ರತಿ ತಿರುವಿನಲ್ಲಿ ನಿಂತು ಕೇಳಿಸಿಕೊಂಡೇ ಮುಂದೆ ಹೆಜ್ಜೆ ಇಡುತ್ತಾರೆ. ಅವರಲ್ಲಿ ಗಾಬರಿ ಇಲ್ಲ, ಎಚ್ಚರ ಇದೆ. ನಾನು ಈಗ ನಡೆಯುವುದು ಹಾಗೇ. ಬೆನ್ನು ಬೆವರುವುದು ನಿಂತಿದೆ. ನಿಲ್ಲುವುದು, ಕೇಳುವುದು ನಿಂತಿಲ್ಲ.

ನನ್ನ ತಲೆಯಲ್ಲಿ ಈಗ ಓಡುತ್ತಿರುವುದು ಬೇರೆಯವರ ಚಿಂತೆ. ಕಾಫಿ ಕುಯ್ಲಿಗೆ ಅಸ್ಸಾಂ ಕಡೆಯಿಂದ ತುಂಬಾ ಜನ ಬರುತ್ತಾರೆ. ಲೈನ್ ಮನೆಯಲ್ಲಿ ಇರುತ್ತಾರೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ತೋಟಕ್ಕೆ ಇಳಿಯುವವರು ಅವರೇ. ಅವರಿಗೆ ಕನ್ನಡ ಮೆಸೇಜ್ ಓದಲು ಬರುವುದಿಲ್ಲ. ನನಗೆ ಸಿಕ್ಕ ಹಾಗೆ ಪಕ್ಕದಲ್ಲಿ ನಡೆಯುವ ಅಕ್ಕನೂ ಇಲ್ಲ, ಕಲಿಯಲು ವರ್ಷದ ಸಮಯವೂ ಇಲ್ಲ. ಕುಯ್ಲು ಮುಗಿದರೆ ಹೆಚ್ಚಿನವರು ಹೊರಟರು. ಇಲ್ಲೇ ಉಳಿದ ಕೆಲವರ ಮಕ್ಕಳು ನಮ್ಮ ಶಾಲೆಗೆ ಸೇರಿದ್ದಾರೆ, ಕನ್ನಡ ಬೇಗ ಕಲಿತಿದ್ದಾರೆ. ಗೋಡೆಯ ನಕ್ಷೆಯನ್ನು ಅಕ್ಷರ ಇಲ್ಲದೆ, ಬರೀ ಚಿತ್ರದಲ್ಲಿ ಇನ್ನೊಂದು ಸಲ ಬರೆಯುವ ಕೆಲಸ ಈ ಮಕ್ಕಳಿಂದಲೇ ಮಾಡಿಸುತ್ತಿದ್ದೇನೆ. ಮುಗಿದ ಮೇಲೆ ಒಂದೊಂದು ಪ್ರತಿಯನ್ನು ಲೈನ್ ಮನೆಗಳ ನೀರಿನ ನಲ್ಲಿಯ ಹತ್ತಿರ ಹಾಕಬೇಕು ಅಂತ ಮಕ್ಕಳೇ ಹೇಳಿದರು. ಬೆಳಿಗ್ಗೆ ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರಂತೆ. ತೋಟದ ಮಾಲೀಕರಲ್ಲಿ ಇಬ್ಬರು ಒಪ್ಪಿದ್ದಾರೆ. ಉಳಿದವರನ್ನು ಕುಯ್ಲು ಶುರುವಾಗುವ ಮುಂಚೆ ಹೋಗಿ ಕೇಳಬೇಕು.